ಎದುರು ಹಗ್ಗದ ನೀಲಿ ಫ್ರಾಕು

ಆ ವರ್ಷ ಊರನ್ನೆಲ್ಲ ಮೂಲೆಗೆ ಕೂರಿಸಿದ ವೈರಸ್ಸು ನಮ್ಮ ಬೀದಿಯ ತಿರುವಿನವರೆಗೂ ಬಂದಿತ್ತು. ಬಾಲ್ಕನಿಯಲ್ಲಿ ನಿಂತಿದ್ದ ನನ್ನನ್ನು ನೋಡಿತು. ನಾನೂ ಅದನ್ನು ನೋಡಿದೆ. ಅಷ್ಟೇ... ಬಾಲ ಮುದುರಿಕೊಂಡು ವಾಪಸ್ಸು ಓಡಿತು. ಓಡುವಾಗ "ತಪ್ಪಾಯ್ತು ಅಜ್ಜಿ" ಎಂದೂ ಹೇಳಿತು.

ನಂಬುವುದಿಲ್ಲವೇ? ಬೇಡ ಬಿಡಿ. ಒಂದು ಬಟ್ಟೆ ಹಗ್ಗ, ಒಂದು ಹಿಡಿ ಕ್ಲಿಪ್ಪು ಇಟ್ಟುಕೊಂಡು ನಾನೊಂದು ಮದುವೆ ಮಾಡಿಸಿದ್ದೇನೆ. ಅದನ್ನಾದರೂ ನಂಬಿ. ಗಂಡು ನನ್ನ ಮಗ. ಹೆಣ್ಣು ಎದುರು ಮನೆಯವಳು. ಇಬ್ಬರೂ ಪುಕ್ಕಲರು. ಧೈರ್ಯಕ್ಕೆ ಇದ್ದವಳು ನಾನೊಬ್ಬಳೇ. ಹೆದರಿಕೆ ಎನ್ನುವುದು ನಮ್ಮ ಏಳು ತಲೆಮಾರಿನಲ್ಲಿ ಯಾರಿಗೂ ತಗುಲಿದ ಕಾಯಿಲೆಯಲ್ಲ.

ಅವರಿಬ್ಬರು ಮೊದಲ ಸಲ ಮುಖಾಮುಖಿಯಾದದ್ದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ. ಆಚೆ ಅವಳು, ಈಚೆ ಇವನು. ನಡುವೆ ಮಕ್ಕಳ ಜ್ವರದ ಸಿರಪ್ಪಿನ ಬಾಟಲಿ.

"ಎರಡು ಕೊಡಿ" ಎಂದ ನನ್ನ ಮಗ.

"ಮನೆಗೆ ಒಂದೇ. ಮಗುಗೆ ಜ್ವರ ಇದೆಯಾ?"

"ಇಲ್ಲ. ಇರಲಿ ಅಂತ."

"ಇರಲಿ ಅನ್ನೋರಿಗೆಲ್ಲ ಕೊಟ್ಟುಬಿಟ್ರೆ, ನಿಜವಾಗಿ ಜ್ವರ ಇರೋರಿಗೆ ಏನು ಕೊಡ್ಲಿ? ನನ್ನ ಮಾಸ್ಕು ಹಿಂಡಿ ಕುಡಿಸ್ಲಾ?"

ಸಾಲಿನಲ್ಲಿದ್ದವರು ನಕ್ಕರು. ಆ ನಗು ಮೂರು ಜಿಲ್ಲೆಯಾಚೆಗೂ ಕೇಳಿಸಿತಂತೆ. ಇವನ ಕಿವಿ ಕೆಂಪಾಯಿತು.

ನಿಜ ಹೇಳಬೇಕೆಂದರೆ, ಅವಳ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆಯೇ ಬೇರೆ. ಇವನು ಯಾರೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ಬೀದಿಯವರ ಬಾಯಲ್ಲಿ 'ಫೋಟೋ ಡಾಕ್ಟ್ರು'. ಒಳಗಿನ ಸುದ್ದಿ ಇವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ... ನಿಮ್ಮ ಮನೆ ಮಗುನ ಶಾಲೆಗೆ ಕಳಿಸ್ತಿದ್ದೀರಾ ಅಂತ ಒಂದು ಮಾತು ಕೇಳಿಬಿಡಲಾ...

ಕೇಳಲಿಲ್ಲ. ಮಾಸ್ಕು ಹಿಂಡಿ ಕುಡಿಸುವ ಮಾತಾಡಿದ ಬಾಯಲ್ಲಿ ಮತ್ತೆ ಹೇಗೆ ಕೇಳುವುದು? ಇವನೂ ಒಂದೇ ಬಾಟಲಿ ಹಿಡಿದು ಹೊರಟುಬಿಟ್ಟ. ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ.

ಅವಳ ಕಷ್ಟ ಇಷ್ಟೇ. ಶಾಲೆಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಒಂದು ಮೆಸೇಜು ಕಳಿಸಿದ್ದರು: ಶಾಲೆ ತೆರೆದಿರುತ್ತದೆ, ಮಕ್ಕಳನ್ನು ಕಳಿಸುವುದು ಬಿಡುವುದು ಪೋಷಕರಿಗೆ ಬಿಟ್ಟದ್ದು. ಅವಳ ಮಗನನ್ನು ಎಲ್ಲರೂ ಗುಂಡ ಎನ್ನುತ್ತಿದ್ದರು. ಕಡ್ಡಿಯಂತಿದ್ದ, ಅದಕ್ಕೇ ಗುಂಡ. ಚಳಿಗಾಲ ಬಂದರೆ ಉಬ್ಬಸ. ಶಾಲೆಯಲ್ಲಿ ಯಾರಾದರೂ ಕೆಮ್ಮಿದರೆ ಮೊದಲು ಕಟ್ಟಿಕೊಳ್ಳುವ ಎದೆ ಅವನದೇ. ಹಾಗಂತ ಮನೆಯಲ್ಲಿ ಬಿಡೋಣವೆಂದರೆ ನೋಡಿಕೊಳ್ಳುವವರು ಯಾರು? ಗಂಡನೆನಿಸಿಕೊಂಡವನು ಎಂದೋ ಬೇರೆ ಊರು, ಬೇರೆ ಸಂಸಾರ ಹಿಡಿದಿದ್ದ. ಊರಿಗೆಲ್ಲ ಜ್ವರ ಬಂದಿರುವಾಗ ಮೆಡಿಕಲ್ ಶಾಪು ಮುಚ್ಚುವಂತಿಲ್ಲ. ಹೊರಗಿನಿಂದ ಬೀಗ ಹಾಕಿ ಹೋದರೆ... ಒಳಗೆ ಒಬ್ಬನಿಗೇ ಉಬ್ಬಸ ಬಂದರೆ...

ಸಂಜೆ ಕಳಿಸಲ್ಲ ಎಂದು ತೀರ್ಮಾನಿಸುವಳು. ಮಲಗುವಾಗ ಕಳಿಸುವುದೇ ವಾಸಿ ಎನಿಸುವುದು. ಹಲ್ಲುಜ್ಜುವಾಗ ಬೇಡ. ಹಾಲು ಕಾಯಿಸುವಾಗ ಹೋಗಲಿ. ಗುಂಡನ ಒಂದು ಕಾಲಿಗೆ ಶೂ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಕುಳಿತುಬಿಡುವಳು.

"ಅಮ್ಮಾ, ಒಂದು ಕಾಲು ಹೋಗಲಿ, ಒಂದು ಕಾಲು ಇಲ್ಲೇ ಇರಲಿ" ಎಂದ ಗುಂಡ ಒಂದು ದಿನ. ಅವಳಿಗೆ ನಗು ಬರಲಿಲ್ಲ.

ಹೀಗೆ ಯಾವುದೂ ತೀರ್ಮಾನವಾಗದ ಒಂದು ಸಂಜೆ ಅವಳ ಕಣ್ಣಿಗೆ ನಮ್ಮ ಹಗ್ಗ ಬಿತ್ತು. ನಮ್ಮ ಬೀದಿ ಎಷ್ಟು ಕಿರಿದೆಂದರೆ ಎದುರು ಬಾಲ್ಕನಿಯವರು ಸೀನಿದರೆ ಈಚೆಯವರು ಮೂಗು ಒರೆಸಿಕೊಳ್ಳಬೇಕು. ನಮ್ಮ ಹಗ್ಗದ ಮೇಲೆ ಗುಂಡನ ಶಾಲೆಯದೇ ನೀಲಿ ಫ್ರಾಕು ನೀರು ತೊಟ್ಟಿಕ್ಕುತ್ತಿತ್ತು.

ಅದು ನನ್ನ ಮೊಮ್ಮಗಳು ಪುಟ್ಟಿಯದು. ಅವಳ ತಾಯಿ, ನನ್ನ ದೊಡ್ಡ ಮಗಳು, ಈಗಿಲ್ಲ. ಸಾಕುತ್ತಿರುವವನು ಸೋದರಮಾವ, ಅಂದರೆ ಈ ನನ್ನ ಮಗ. ಇದೇ ನೆಪ ಹೇಳಿ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಫ್ರಾಕು ಒದ್ದೆಯಿದೆ ಅಂದರೆ ಮಗು ಹೋಗಿ ಬಂದಿದೆ. ಎದುರು ಮನೆಯವಳ ಎದೆ ಹಗುರವಾಯಿತು. ದಿನಕ್ಕೆ ಅಷ್ಟು ಎದೆಗೂಡು ನೋಡುವವರೇ ತಮ್ಮ ಮಗುನ ಕಳಿಸ್ತಾರೆ ಅಂದ ಮೇಲೆ...

ಮರುದಿನ ಗುಂಡನ ಎರಡೂ ಕಾಲಿಗೆ ಶೂ ಹತ್ತಿತು.

ಆಮೇಲೆ ಅದೇ ಅಭ್ಯಾಸವಾಯಿತು. ಅಂಗಡಿಯಿಂದ ಬಂದವಳು ಚಪ್ಪಲಿ ಬಿಡುವ ಮೊದಲು ನಮ್ಮ ಹಗ್ಗ ನೋಡುವಳು. ಫ್ರಾಕು ಕಂಡರೆ ಬೆಳಿಗ್ಗೆ ಗುಂಡ ಶಾಲೆಗೆ. ಅವಳು ಬೇಗ ಮನೆ ಬಿಡುತ್ತಿದ್ದಳು, ಹಾಗಾಗಿ ಪುಟ್ಟಿ ಹೋಗುವುದನ್ನು ಕಣ್ಣಾರೆ ಕಂಡವಳಲ್ಲ. ಚಿಕ್ಕ ಮಕ್ಕಳ ಕಟ್ಟಡವೇ ಬೇರೆಯಾದ್ದರಿಂದ ಗುಂಡನೂ ಕಂಡವನಲ್ಲ.

ಈಚೆ ನನ್ನ ಮಗನ ಕಥೆ ಕೇಳಿ. ಸಂಜೆಯಾದರೆ ಬಾಲ್ಕನಿಯ ಕುಂಡಕ್ಕೆ ನೀರು ಹಾಕಲು ಹೋಗುತ್ತಿದ್ದ. ಆ ಕುಂಡದ ಗಿಡ ಸತ್ತು ಎಷ್ಟೋ ಕಾಲವಾಗಿತ್ತು. ನೀರು ಬೀಳುತ್ತಿದ್ದುದು ಕುಂಡಕ್ಕೆ, ಕಣ್ಣು ಬೀಳುತ್ತಿದ್ದುದು ಎದುರು ಹಗ್ಗಕ್ಕೆ. ಮೊದಮೊದಲು ಹಗ್ಗದ ಮೇಲಿನ ಗುಂಡನ ಶಾಲೆಯ ಬಿಳಿ ಅಂಗಿಗೆ. ಬರಬರುತ್ತಾ ಬಟ್ಟೆ ಹಾಕುವವಳಿಗೆ. ನನ್ನ ಕಣ್ಣು ಹದ್ದಿನ ಕಣ್ಣು, ಇಂಥದ್ದು ತಪ್ಪುತ್ತದೆಯೇ?

ಆಗ ಒಂದು ಮಧ್ಯಾಹ್ನ ಅಂಗಡಿಗೆ ಶಾಲೆಯಿಂದ ಫೋನು ಬಂತು. ಗುಂಡನಿಗೆ ಮೈ ಸುಡುತ್ತಿದೆ, ಬಂದು ಕರೆದುಕೊಂಡು ಹೋಗಿ.

ಅವಳು ಕೌಂಟರಿನ ಬಾಗಿಲು ತೆರೆಯುವಷ್ಟೂ ನಿಲ್ಲದೆ ಕೆಳಗಿನಿಂದ ನುಸುಳಿ ಓಡಿದಳು. ಆಟೋದಲ್ಲಿ ದಾರಿಯುದ್ದಕ್ಕೂ ಮಗನ ಎದೆಯ ಮೇಲೆ ಕೈ ಇಟ್ಟಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿ ಒಂದು ಎಕ್ಸ್‌ರೇ ತೆಗೆಸಿ ಎಂದರು.

ಎಕ್ಸ್‌ರೇ ಕೋಣೆಯಲ್ಲಿ ನಾನಿರಲಿಲ್ಲ. ಆದರೆ ನನ್ನ ದೃಷ್ಟಿ ಗೋಡೆ ತೂರುತ್ತದೆ. ಇವನ ಯಂತ್ರಕ್ಕೂ ಅಷ್ಟು ಶಕ್ತಿಯಿಲ್ಲ.

ಮಾಸ್ಕಿನ ಮೇಲಿನ ಕಣ್ಣುಗಳಿಂದಲೇ ಇಬ್ಬರೂ ಗುರುತು ಹಿಡಿದರು. ಇವನು ಏನೂ ಮಾತಾಡದೆ ಗುಂಡನ ಗಲ್ಲವನ್ನು ಎಕ್ಸ್‌ರೇ ಫಲಕದ ಅಂಚಿನ ಮೇಲಿಟ್ಟು, ಭುಜ ಸರಿಪಡಿಸಿ, ದಿನವೆಲ್ಲ ಹೇಳುವ ಮಾತನ್ನೇ ಮೆಲ್ಲಗೆ ಹೇಳಿದ. "ಉಸಿರು ತಗೋ ಮರಿ... ಹಿಡ್ಕೋ... ಹಾಂ, ಬಿಡು."

ಚಿತ್ರ ತೆಗೆದು ಮುಗಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ನಿಮ್ಮ ಪುಟ್ಟಿ ಹುಷಾರಾಗಿದ್ದಾಳಾ? ದಿನಾ ಹೋಗ್ತಿದ್ದಾಳಲ್ಲ..."

"ಎಲ್ಲಿಗೆ?"

"ಶಾಲೆಗೆ."

ಅವನು ಕೈಗವಸು ಬಿಚ್ಚುವುದನ್ನು ನಿಲ್ಲಿಸಿದ. "ಅವಳು ಒಂದು ದಿನಾನೂ ಹೋಗಿಲ್ಲ."

"ಮತ್ತೆ ಆ ಫ್ರಾಕು? ದಿನಾ ಸಂಜೆ ಒಣಗ್ತಿರುತ್ತಲ್ಲ?"

"ನೀವು... ನಮ್ಮ ಹಗ್ಗ ನೋಡ್ತಿದ್ರಾ?" ಅವನ ದನಿ ಇಳಿಯಿತು. "ನಾನು ನಿಮ್ಮದು ನೋಡ್ತಿದ್ದೆ. ಊರಲ್ಲಿ ಎಷ್ಟು ಸಿರಪ್ಪು ಖರ್ಚಾಗ್ತಿದೆ ಅಂತ ನಿಮಗೇ ಗೊತ್ತು. ಅಂಥವರೇ ಮಗನ್ನ ಕಳಿಸ್ತಿದ್ದಾರೆ ಅಂತ ದಿನಾ ಬೆಳಿಗ್ಗೆ ಅವಳಿಗೆ ಯೂನಿಫಾರ್ಮ್ ಹಾಕ್ತೀನಿ. ಬಾಗಿಲ ತನಕ ಬರ್ತೀವಿ... ಆಮೇಲೆ ಧೈರ್ಯ ಸಾಲಲ್ಲ. ಅದೇ ಫ್ರಾಕಲ್ಲಿ ಮನೇಲಿ ಆಡಿ ಕೊಳೆ ಮಾಡ್ಕೋತಾಳೆ."

ಕುರುಡನೊಬ್ಬ ಇನ್ನೊಬ್ಬ ಕುರುಡನ ಹೆಗಲ ಮೇಲೆ ಕೈಯಿಟ್ಟು ನಡೆದಂತಾಗಿತ್ತು. ಇಬ್ಬರಿಗೂ ದಾರಿ ಗೊತ್ತಿರಲಿಲ್ಲ.

ಅವಳ ಕಣ್ಣು ತುಂಬಿತು. ದುಃಖವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ.

"ನಿಮ್ಮ ಒದ್ದೆ ಬಟ್ಟೆ ನಂಬಿಕೊಂಡು ನನ್ನ ಮಗನ್ನ ಕಳಿಸಿದೆ. ಬಾಗಿಲಲ್ಲಿ ಹಿಂದೆ ಸರಿಯೋಕೆ ನಿಮಗೆ ದಾರಿ ಇತ್ತು, ಮನೇಲಿ ನಿಮ್ಮಮ್ಮ ಇದ್ರು. ನನಗೆ ಯಾರಿದ್ರು?"

ತಪ್ಪು ತನ್ನದೇ ಎನ್ನುವ ಹಾಗೆ ಅವನು ತಲೆ ತಗ್ಗಿಸಿದ. ಅವಳು ಮಗನನ್ನು ಎತ್ತಿಕೊಂಡು ಬಾಗಿಲು ದಾಟುವಾಗ ಹಿಂದಿನಿಂದ ಕರೆದ.

"ಮೇಡಂ. ಚಿತ್ರದಲ್ಲಿ ಏನಿದೆ ಅಂತ ವೈದ್ಯರೇ ಹೇಳಬೇಕು, ನಾನು ಹೇಳೋ ಹಾಗಿಲ್ಲ. ಆದರೆ ನೀವು ಆಗಿನಿಂದ ಉಸಿರು ಹಿಡ್ಕೊಂಡಿದ್ದೀರಿ... ಬಿಡಿ."

ಅವಳಿಗೆ ಅರ್ಥವಾಯಿತು. ಮಗನ ಎದೆಗೆ ಏನೂ ಆಗಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು ಉಸಿರು ಬಿಟ್ಟಳು. ಆದರೆ ತಿರುಗಿ ನೋಡಲಿಲ್ಲ.

ಮಾಮೂಲಿ ಜ್ವರವೇ ಆಗಿತ್ತು. ಸಿರಪ್ಪಿಗೇ ಇಳಿಯಿತು. ಆದರೆ ಎದುರು ಹಗ್ಗ ಬಿಚ್ಚಿಹೋಯಿತು. ಅವಳು ಬಟ್ಟೆಗಳನ್ನು ಒಳಗೇ ಕುರ್ಚಿಗಳ ಮೇಲೆ ಹರವತೊಡಗಿದಳು.

ನನ್ನ ಮಗ ಕಾಲು ಸುಟ್ಟ ಬೆಕ್ಕಿನಂತಾದ. ಬಾಲ್ಕನಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಸತ್ತ ಗಿಡಕ್ಕೆ ಅವನು ಹಾಕಿದ ನೀರಿನಲ್ಲಿ ಕೆಳಮನೆಯವರು ಈಜು ಕಲಿತರು. ಆಚೆ ಅವಳಿಗೂ ನೆಮ್ಮದಿಯಿಲ್ಲ. ಅಂಗಡಿಯಿಂದ ಯಾವಾಗ ಬರ್ತೀರಿ ಎಂದು ಫೋನಿನ ಮೇಲೆ ಫೋನು. ಜ್ವರದಿಂದ ಎದ್ದ ಮಗನನ್ನು ಒಬ್ಬನೇ ಬಿಡುವುದು ಹೇಗೆ? ಮತ್ತೆ ಶಾಲೆಗೇ ಕಳಿಸುವುದು ಹೇಗೆ? ಈಗ ನೋಡಲು ಹಗ್ಗವೂ ಇಲ್ಲ... ಬೈದದ್ದು ಜಾಸ್ತಿಯಾಯಿತೇನೋ. ತಲೆ ತಗ್ಗಿಸಿ ನಿಂತಿದ್ದ ಆ ಮನುಷ್ಯನೇ ಯಾಕೆ ಕಣ್ಣ ಮುಂದೆ ಬರುತ್ತಾನೆ?

ಅಂಥ ಒಂದು ಬೆಳಿಗ್ಗೆ ಪುಟ್ಟಿ ನೀಲಿ ಫ್ರಾಕು ತೊಟ್ಟು, ನಮ್ಮ ಬಾಲ್ಕನಿಯಲ್ಲಿ ಸ್ಟೂಲು ಹಾಕಿ ನಿಂತು, ಎದುರಿನ ಕಿಟಕಿಯಲ್ಲಿದ್ದ ಗುಂಡನಿಗೆ ಪಾಠ ಶುರುಮಾಡಿದಳು. ಅವಳು ಟೀಚರು, ಅವನು ವಿದ್ಯಾರ್ಥಿ. ಅವನು ಎರಡು ತರಗತಿ ದೊಡ್ಡವನು, ಆದರೂ ಬೈಗುಳ ಅವನಿಗೇ. ಕಿಟಕಿಯ ಹಿಂದಿನಿಂದ ಅವನ ತಾಯಿ ಕೇಳಿದಳು, ನೀನು ಯಾಕಮ್ಮ ಶಾಲೆಗೆ ಹೋಗಲ್ಲ ಎಂದು.

ಪುಟ್ಟಿ ಏನೋ ಉತ್ತರ ಕೊಟ್ಟಳು. ಏನೆಂದು ನನಗೆ ಕೇಳಿಸಲಿಲ್ಲ. ಮೂರು ಬೀದಿಯಾಚೆ ಸೂಜಿ ಬಿದ್ದರೂ ಕೇಳುವ ನನ್ನ ಕಿವಿಗೆ ಆ ಒಂದು ಮಾತು ಮಾತ್ರ ಕೇಳಿಸಲಿಲ್ಲ, ಅಷ್ಟೇ.

ಕೇಳಿದ ಅವಳ ಮುಖ ಬದಲಾಯಿತು. ಸ್ವಲ್ಪ ಹೊತ್ತಿಗೆ ಗುಂಡನ ಕೈ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದಳು. ನನ್ನ ಮಗ ಡ್ಯೂಟಿಗೆ ಹೊರಟು ನಿಂತಿದ್ದ. ಒಂದು ಕಾಲಿಗೆ ಮಾತ್ರ ಶೂ ಹಾಕಿದ್ದ.

"ಅವತ್ತು ನಿಜ ಹೇಳಬಾರದಿತ್ತಾ?" ಎಂದಳು.

"ಯಾವ ನಿಜ?"

"ಪುಟ್ಟಿ ಹೇಳಿದಳು."

ಅವನು ಒಮ್ಮೆ ನನ್ನತ್ತ ನೋಡಿ ನೆಲ ನೋಡಿದ. "ಅದರಲ್ಲಿ ಹೇಳೋದೇನಿದೆ. ನನಗೂ ಧೈರ್ಯ ಇರಲಿಲ್ಲ."

"ಇನ್ನೊಬ್ಬರ ತಪ್ಪು ಹೊತ್ಕೊಂಡು ನನ್ನ ಹತ್ರ ಬೈಸ್ಕೊಂಡ್ರಿ."

"ನೀವು ಬೈದರೆ ಅಷ್ಟೇನೂ ಕಷ್ಟ ಆಗಲ್ಲ ನನಗೆ. ಹಗ್ಗ ಬಿಚ್ಚಿದ್ರಲ್ಲ... ಅದೇ ಕಷ್ಟ ಆಗಿದ್ದು."

ಗುಂಡ, ಪುಟ್ಟಿ, ನಾನು, ಮೂವರೂ ಉಸಿರಾಡಲಿಲ್ಲ.

ಅವಳು ಗುಂಡನ ಕೈ ಬಿಟ್ಟಳು. ಇನ್ನು ಮೇಲೆ ಯಾರ ಹಗ್ಗವನ್ನೂ ನೋಡಿ ತೀರ್ಮಾನ ಮಾಡುವುದು ಬೇಡ, ಕೇಳಿಯೇ ಮಾಡೋಣ ಎಂದಳು. ಊರಿನ ಉಳಿದ ಮಕ್ಕಳ ಮಾತು ಬೇರೆ. ಗುಂಡನ ಎದೆ ನೆನೆದರೆ ಸದ್ಯಕ್ಕೆ ಶಾಲೆ ಬೇಡವೇ ಬೇಡ ಎಂದು ಅವಳಿಗೆ ಅನಿಸುತ್ತಿದೆ. ನಿಮಗೆ?

ತನಗೂ ಹಾಗೇ ಎಂದ ಅವನು. "ಗುಂಡ ಇಲ್ಲೇ ಇರಲಿ. ಅಮ್ಮ ನೋಡ್ಕೋತಾರೆ. ಸಂಜೆ ನೀವು ಬಂದು ಕರ್ಕೊಂಡು ಹೋಗಿ. ಅಥವಾ..."

"ಅಥವಾ?"

"ಅಥವಾ ಸಂಜೆ ಬಂದು... ಸ್ವಲ್ಪ ಹೊತ್ತು ಕೂತ್ಕೊಳ್ಳಿ."

"ಎಷ್ಟು ಹೊತ್ತು?"

ಅವನು ಬಾಯಿ ತೆರೆದು ಉಸಿರೆಳೆದುಕೊಂಡ. ಅವಳ ಕಣ್ಣಲ್ಲಿ ನಗು ಬಂತು. ಮೆಲ್ಲಗೆ ಹೇಳಿದಳು, "ಉಸಿರು ಹಿಡ್ಕೊಂಡಿದ್ದೀರಿ. ಬಿಡಿ."

ಅವನು ಬಿಟ್ಟ. ಉಸಿರಿನ ಜೊತೆಗೇ ಹೊರಬಂತು, "ಹೋಗದೇ ಇದ್ದರೂ ಪರವಾಗಿಲ್ಲ."

ಕಾಯಿಲೆ ಕಳೆದು ಶಾಲೆಗಳು ತುಂಬಿದ ಮೇಲೆ ಮದುವೆಯಾಯಿತು. ಹತ್ತು ಲಕ್ಷ ಜನ ಬಂದಿದ್ದರು. ಈಗ ನಮ್ಮ ಒಂದೇ ಹಗ್ಗದ ಮೇಲೆ ನೀಲಿ ಫ್ರಾಕು, ಗುಂಡನ ಬಿಳಿ ಅಂಗಿ, ಎರಡೂ ಒಣಗುತ್ತವೆ. ಇದೆಲ್ಲ ಸಾಧ್ಯವಾದದ್ದು ಫ್ರಾಕನ್ನು ಬೇಕೆಂದೇ ಅವಳ ಕಣ್ಣಿಗೆ ಬೀಳುವಂತೆ ಹರವಿದ ನನ್ನ ಜಾಣತನದಿಂದ, ನನ್ನ ಎಂಟೆದೆಯ ಧೈರ್ಯದಿಂದ.

ಇಲ್ಲಿಗೆ ಕಥೆ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಸೊಸೆ ಹಿಂದೆ ನಿಂತು ಎಲ್ಲವನ್ನೂ ಓದಿಬಿಟ್ಟಿದ್ದಳು.

"ಹತ್ತು ಲಕ್ಷ ಜನ ಅಂತಾನೇ ಇರಲಿ ಅತ್ತೆ, ಊಟಕ್ಕೆ ಕೂತವರು ಇಪ್ಪತ್ತೇ ಜನ ಆದ್ರೂ. ಪುಟ್ಟಿ ಅವತ್ತು ಏನಂದ್ಲು, ನಿಮಗೆ ಕೇಳಿಸಲಿಲ್ವಾ?"

ನಾನು ಕನ್ನಡಕ ಒರೆಸಿದೆ. ಅದು ಕೊಳೆಯಾಗಿರಲಿಲ್ಲ.

"ಬರೀರಿ" ಎಂದಳು.

ಸರಿ, ಬರೆಯುತ್ತೇನೆ.

ಪುಟ್ಟಿ ಅಂದದ್ದು ಇಷ್ಟು: "ಅಜ್ಜಿ ದಿನಾ ನನ್ನ ಬ್ಯಾಗು ತಬ್ಕೊಂಡು ಬಾಗಿಲಲ್ಲಿ ಕೂತ್ಬಿಡ್ತಾಳೆ. ಅಳ್ತಾಳೆ. ಅದಕ್ಕೆ ಮಾಮ ಹೋಗೋದು ಬೇಡ ಅಂತಾನೆ."

ಧೈರ್ಯ ಸಾಲದೆ ಹೋದದ್ದು ನನಗೆ. ಎರಡು ಬಾಟಲಿ ತಾ ಎಂದು ಅಂಗಡಿಗೆ ಅಟ್ಟಿದವಳೂ ನಾನೇ. ನನ್ನ ಮಗಳು ಹೋದದ್ದೂ ಒಂದು ಜ್ವರದಿಂದಲೇ, ಮಾಮೂಲಿ ಜ್ವರ ಎಂದು ನಾನೇ ಅಂದಿದ್ದೆ. ಫ್ರಾಕನ್ನು ಯಾರ ಕಣ್ಣಿಗೂ ಬೀಳಲೆಂದು ಹರವಲಿಲ್ಲ. ಸುಮ್ಮನೆ ಕೂರಲಾಗುತ್ತಿರಲಿಲ್ಲ, ಒಗೆಯುತ್ತಿದ್ದೆ. ಬೀದಿಯ ತಿರುವಿಗೆ ಬಂದದ್ದು ಆಂಬುಲೆನ್ಸು. ಅದನ್ನು ನೋಡಿ ವಾಪಸ್ಸು ಓಡಿ ಕಂಬಳಿ ಹೊದ್ದುಕೊಂಡವಳು ನಾನು. ತಪ್ಪಾಯ್ತು ಎಂದವಳೂ ನಾನೇ, ಯಾರಿಗೆಂದು ಗೊತ್ತಿಲ್ಲ.

ಇಷ್ಟು ಬರೆದು, ಅವಳತ್ತ ತಿರುಗದೆಯೇ ಕೇಳಿದೆ. "ಗುಂಡ ಜ್ವರದಲ್ಲಿ ಮಲಗಿದ್ದು ನನ್ನಿಂದ. ಗೊತ್ತಿದ್ದೂ ಮೆಟ್ಟಿಲು ಹತ್ತಿ ಬಂದೆಯಲ್ಲ, ಯಾಕೆ?"

ಅವಳು ಹಿಂದಿನಿಂದ ನನ್ನ ಭುಜದ ಮೇಲೆ ಗಲ್ಲ ಇಟ್ಟಳು.

"ನನ್ನಷ್ಟು ಹೆದರೋರು ಈ ಬೀದೀಲಿ ಇನ್ಯಾರೂ ಇಲ್ಲ ಅಂದ್ಕೊಂಡಿದ್ದೆ ಅತ್ತೆ. ಇದ್ದಾರೆ ಅಂತ ಗೊತ್ತಾಯ್ತು. ಬಂದೆ."

ನಾನು ಪೆನ್ನು ಕೆಳಗಿಟ್ಟೆ.

"ಉಸಿರು ಬಿಡಿ ಅತ್ತೆ" ಎಂದಳು.

ಬಿಟ್ಟೆ.