ಹಿಂಡಿ ತಿಂದ ಕೊರಮೀನು

"ಏನ್ ಮೇಡಂ, ಕೊರಮೀನಿಗೆ ಸನ್ಯಾಸ ಕೊಡ್ಸಕ್ಕೆ ಬಂದಿದ್ದೀರಾ?"

ಬೇತಮಂಗಲದ ತನ್ನ ಮೀನಿನ ಹೊಂಡದ ದಡದಲ್ಲಿ ಬೈರೇಶ್ ಆಡಿದ ಮೊದಲ ಮಾತು ಅದು. ಮಧುಶ್ರೀಗೆ ಸಿಟ್ಟು ಬಂತು. ಬಂಗಾರಪೇಟೆಯ ಮೀನಿನ ಮೇವು ಮಾಡುವ ಫೀಡ್ ಮಿಲ್ಲಿನಲ್ಲಿ ಅವಳದು ಹೊಸ ಕೆಲಸ. ಸಮುದ್ರದಿಂದ ಬರುವ ಒಣಮೀನಿನ ಪುಡಿಯ ಬದಲು ಸೋಯಾ ಹಿಂಡಿ, ಕಡಲೆಕಾಯಿ ಹಿಂಡಿ ಹಾಕಿಯೂ, ಮೀನನ್ನೇ ಹಿಡಿದು ತಿನ್ನುವ ಕೊರಮೀನನ್ನು ಬೆಳೆಸಬಹುದೆಂದು ತೋರಿಸಬೇಕಿತ್ತು. ಪ್ರಯೋಗಕ್ಕೆ ಹೊಂಡ ಕೊಟ್ಟವನು ಇವನೊಬ್ಬನೇ.

"ಸೋಯಾ ಚೆನ್ನಾಗಿ ಬೇಯಿಸಿದ್ದೀವಿ. ಬೇಕಾದ್ರೆ ನೀವೂ ತಿನ್ನಿ," ಎಂದಳು.

ಅವನು ನಿಜಕ್ಕೂ ಅವಳು ತಂದ ಮೇವಿನ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು ಅಗಿದ. ಕಣ್ಣು ಮಾತ್ರ ಅವಳ ಮುಖ ಬಿಡಲಿಲ್ಲ. "ಉಪ್ಪು ಕಮ್ಮಿ," ಎಂದ.

ಸಿಟ್ಟಿನಲ್ಲಿದ್ದವಳು ನಕ್ಕುಬಿಟ್ಟಳು.

ಆದರೆ ಮೀನು ತಿನ್ನಲಿಲ್ಲ. ದಿನವೂ ಕೆಜಿಎಫ್‌ನ ಮನೆಯಿಂದ ಬಸ್ಸಿನಲ್ಲಿ ಬಂದು ನೋಡಿದರೆ ಗುಳಿಗೆಗಳು ನೀರಿನ ಮೇಲೆ ಉಬ್ಬಿ, ಒಡೆದು ತೇಲುತ್ತಿದ್ದವು. ಒಂದು ಬೆಳಿಗ್ಗೆ ಅವಳು ಮುಖ ಆಚೆ ತಿರುಗಿಸಿ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಬೈರೇಶ್ ನೋಡಿದ.

ಮುಂದಿನ ವಾರ ಒಂದು ದಿನ ಅವಳು ಬಂದಾಗ ಗುಳಿಗೆಗಳ ಮೇಲೆ ನೀರು ಕುದಿಯುವಂತೆ ಮೀನು ಮುಗಿಬಿದ್ದಿದ್ದವು.

"ತಿಂತಿವೆ! ನೋಡ್ರೀ, ತಿಂತಿವೆ!" ಎಂದು ಅವನ ಮಣಿಕಟ್ಟು ಹಿಡಿದುಕೊಂಡಳು. ಹಿಡಿದದ್ದು ಗೊತ್ತಾದ ಮೇಲೂ ಬಿಡಲಿಲ್ಲ.

"ಎಲ್ಲ ನಿಮ್ಮ ಕೈಗುಣ," ಎಂದ ಅವನು, ನೀರನ್ನೇ ನೋಡುತ್ತ.

ಮೀನು ದಪ್ಪವಾದವು. ಅವಳು ಬರುವ ಹೊತ್ತಿಗೆ ಬೈರೇಶ್ ಇಸ್ತ್ರಿ ಮಾಡಿದ ಶರ್ಟು ಹಾಕತೊಡಗಿದ. ಹೊರಡುವಾಗ ಬಸ್ಸು ಕಣ್ಮರೆಯಾಗುವವರೆಗೂ ನಿಂತಿರುತ್ತಿದ್ದ. ಇವತ್ತಾದರೂ ಬಾಯಿಬಿಟ್ಟು ಹೇಳಲಿ ಎಂದುಕೊಂಡೇ ಅವಳು ದಿನವೂ ಬಸ್ಸು ಹತ್ತುತ್ತಿದ್ದಳು.

ಫಲಿತಾಂಶ ನೋಡಿದ ಮಿಲ್ಲಿನವರು ಆ ಫೀಡನ್ನು ಮಾರಾಟಕ್ಕಿಡಲು ಹೊರಟರು. ಕ್ಯಾಸಂಬಳ್ಳಿಯಲ್ಲಿ ಮೀನು ಸಾಕುವ ಮುನಿನಾರಾಯಣಮ್ಮ ತನ್ನ ಹೊಂಡಗಳಿಗೆಲ್ಲ ಅದನ್ನೇ ಹಾಕುತ್ತೇನೆಂದು ಬುಕ್ ಮಾಡಿದಳು. ಮಧುಶ್ರೀ ಖುಷಿಯಿಂದ ಸುದ್ದಿ ಹೇಳಿದರೆ ಬೈರೇಶನ ಮುಖ ಬಿಳಿಚಿತು.

"ಆ ಯಮ್ಮಂಗೆ ಬ್ಯಾಡ ಅಂತ ಯೋಳಿ."

"ಯಾಕೆ?"

"ನನ್ನ ಮೀನು ನಿಮ್ಮ ಫೀಡ್ ಒಂದೇ ತಿಂದು ಬೆಳೆದಿಲ್ಲ. ದಿನಾ ನೀವ್ ಬರೋಕ್ ಮುಂಚೆ ಅದಕ್ಕೆ ಒಣಮೀನಿನ ಪುಡಿ ಕಲ್ಸಿ ಆಕ್ತಿದ್ದೆ."

ತಮಾಷೆಯಿರಬೇಕೆಂದು ಅವಳು ಅವನ ನಗುವಿಗಾಗಿ ಕಾದಳು. ಅವನು ನಗಲಿಲ್ಲ.

"ನೀವ್ ಅಳ್ತಿದ್ರಿ. ನನ್ ಕೈಲಿ ನೋಡಕ್ಕಾಗ್ಲಿಲ್ಲ. ನೀವಂದ್ರೆ ನಂಗೆ ಪ್ರಾಣ ಕಣ್ರೀ."

ಇಷ್ಟು ದಿನ ಕಾದಿದ್ದ ಮಾತು. ಅದು ಇಂಥ ಸುಳ್ಳಿನ ಬೆನ್ನಿಗೆ ಬರುತ್ತದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

"ನಾನು ಅತ್ತಾಗ ಪಕ್ಕದಲ್ಲಿ ಬಂದು ಕೂತ್ಕೊಂಡಿದ್ರೆ ಸಾಕಿತ್ತು ಬೈರೇಶ್. ನೀವು ನಾನು ಸೋಲ್ತೀನಿ ಅಂತಲೇ ತೀರ್ಮಾನ ಮಾಡ್ಬಿಟ್ರಿ."

ಮಾರನೆಯ ದಿನ ಅವಳೇ ಮ್ಯಾನೇಜರ್ ಗೋಪಿನಾಥ್ ಎದುರು ನಿಂತು ಪ್ರಯೋಗದ ಫಲಿತಾಂಶ ಸುಳ್ಳು, ಫೀಡ್ ಮಾರಬೇಡಿ ಎಂದಳು. ಎಲ್ಲರ ಮುಂದೆ ಬೈಸಿಕೊಂಡಳು. ಬೈರೇಶನ ಹೆಸರು ಮಾತ್ರ ಹೇಳಲಿಲ್ಲ. ಕಾಮಸಮುದ್ರದಲ್ಲಿ ಇನ್ನೊಂದು ಹೊಂಡ ಹುಡುಕಿ ಮೊದಲಿನಿಂದ ಶುರು ಮಾಡಿದಳು. ಅವನ ಫೋನ್ ಎತ್ತಲಿಲ್ಲ. ಮೇವನ್ನು ಒಂದೇ ಸಲ ಪೂರ್ತಿ ಬದಲಿಸಿದ್ದು ತನ್ನ ತಪ್ಪೆಂದು ಅಲ್ಲಿ ಗೊತ್ತಾಯಿತು. ಈ ಸಲ ಮೀನಿನ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಹಿಂಡಿ ಏರಿಸಿದಳು. ಮೀನು ಮುನಿಸಿಕೊಂಡವು, ಹಸಿದವು, ಕೊನೆಗೆ ತಿಂದವು.

ಅದರ ವರದಿಯನ್ನು ಮಿಲ್ಲಿನ ಹೆಡ್ ಆಫೀಸಿಗೆ ಒಪ್ಪಿಸಲು ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವನು ಎದುರಾದ. ಸೊರಗಿದ್ದ.

"ತಿಂದ್ವಂತೆ?"

"ತಿಂದ್ವು. ನಿಮ್ಮ ಹೊಂಡದಲ್ಲೂ ತಿಂತಿದ್ವು. ನಾನು ತಪ್ಪು ಕಂಡುಕೊಳ್ಳೋವರೆಗೆ ಕಾಯ್ಬೇಕಿತ್ತು."

"ಈಗ ಕಾಯ್ತೀನಿ. ಎಷ್ಟ್ ದಿನ ಆದ್ರೂ."

ಆ ಕಣ್ಣುಗಳು ಅವಳಿಗೆ ಇನ್ನೂ ಇಷ್ಟವೇ ಇದ್ದವು. ಕಷ್ಟವಿದ್ದದ್ದೇ ಅಲ್ಲಿ.

"ಬೇಡ. ಮುಂದೆ ನಾನು ಮಾಡಿದ ಸಾರು ಚೆನ್ನಾಗಿದೆ ಅಂತ ನೀವಂದ್ರೂ ನಿಜವಾ ಅಂತ ನಂಗೆ ಅನುಮಾನ ಬರುತ್ತೆ. ಹಾಗೆ ಬಾಳೋಕಾಗಲ್ಲ."

ರೈಲು ಬಂತು. ಅವನು ಅವಳ ಬ್ಯಾಗನ್ನು ಎತ್ತಿ ಒಳಗಿಟ್ಟು ಕೆಳಗಿಳಿದ.

ಪ್ಲಾಟ್‌ಫಾರಂ ಕಡೆ, ಅವನು ನಿಂತ ಬದಿಯ ಕಿಟಕಿ ಸೀಟು ಖಾಲಿಯಿತ್ತು. ಮಧುಶ್ರೀ ಆಚೆ ಬದಿಯ ಸೀಟಿಗೆ ಹೋಗಿ ಕೂತಳು.