ರಾಯಲ್ಟಿ ಚಿಪ್ ಒಡೆದವರು ಯಾರು?

"ಸೈನ್ ಹಾಕಣ್ಣಾ. ಷೇರು ನಂಗೆ ಅರ್ಧ ರೇಟಿಗೆ ಬುಟ್ಬುಡು, ಪೊಲೀಸ್ ಕೇಸು ಆಗದಂಗೆ ನಾನು ನೋಡ್ಕಂತೀನಿ," ಎಂದು ಜೊತೆ ಷೇರುದಾರ ಚಲಪತಿ ಪೆನ್ನು ಚಾಚಿದ.

ಬಾಗಿಲಲ್ಲಿದ್ದ ಹರಿತಾ ಒಳಗೆ ಧಾವಿಸಿದಳು. ಪೆನ್ನಿನ ಮುಂದೆ ಕೂತಿದ್ದವನು ಅವಳ ಅಪ್ಪ ಮುತ್ಯಾಲಪ್ಪ. ಕಲ್ಯಾಣದುರ್ಗದ ಹೋಟೆಲ್ ಮಾರಿ ಬಂದದ್ದನ್ನೆಲ್ಲ ಹಿಂದೂಪುರದ ಈ ಕಂಪನಿಗೆ ಸುರಿದಿದ್ದ. ಮೋಟರ್ ಸುಡದಂತೆ ಕಾಯುವ ಚಿಪ್ ಒಂದನ್ನು ಕಂಪನಿಯ ಜಯಚಂದ್ರ ರೂಪಿಸಿದ್ದ. ಪುಣೆಯ ಕಾರ್ಖಾನೆ ಅದರ ಮಾದರಿಯನ್ನು ಒಪ್ಪಿದರೆ ಮಾರಾಟವಾದ ಪ್ರತಿ ಚಿಪ್‌ಗೂ ರಾಯಲ್ಟಿ. ಯುಗಾದಿಗೆ ಬರಬೇಕಾದ ರಾಯಲ್ಟಿ ದಸರೆ ಕಳೆದರೂ ಬಂದಿರಲಿಲ್ಲ. ರೊಚ್ಚಿಗೆದ್ದ ಷೇರುದಾರರು ಮಧ್ಯಾಹ್ನದಿಂದ ಜಯಚಂದ್ರನನ್ನು ಕುರ್ಚಿಯಿಂದ ಏಳಗೊಟ್ಟಿರಲಿಲ್ಲ. ಅಷ್ಟರಲ್ಲಿ ಹಿಂದಿನ ಲ್ಯಾಬಿನಲ್ಲಿ ಮಾದರಿ ಇಟ್ಟಿದ್ದಲ್ಲಿ ಚಿಪ್ ಸುತ್ತಿಗೆ ಏಟಿಗೆ ನುಚ್ಚುನೂರಾಗಿತ್ತು.

"ಒಡೆದಾಕ್ತೀನಿ ಅಂದೋನೂ ಇವ್ನೇ, ಎದ್ದೋಗಿದ್ದೋನೂ ಇವ್ನೇ!" ಜಯಚಂದ್ರ ಮುತ್ಯಾಲಪ್ಪನತ್ತ ಬೆರಳು ತೋರಿ ಅರಚಿದ.

"ಬೀಡಿ ಸೇದಕ್ಕೆ ಹೋಗಿದ್ದೆ ಕಣಯ್ಯಾ! ಚಲಪತಿನೂ ಟೀ ತರಾಕೆ ಎದ್ದೋಗಿದ್ದ, ಅವ್ನನ್ನ ಕೇಳು!"

ಚಲಪತಿ ನಕ್ಕ. "ಚಿಪ್ ಅಂದ್ರೆ ಆಲೂಗಡ್ಡೆ ಚಿಪ್ಸು ಅಂದ್ಕಂಡಿದ್ದೋನು ನಾನು. ನಂಗೂ ಲ್ಯಾಬಿಗೂ ಏನಣ್ಣಾ?"

ಹರಿತಾ ಮಹಡಿ ಹತ್ತಿ ಓಡಿದಳು. ಕಟ್ಟಡದ ಒಡತಿ ದ್ರಾಕ್ಷಾಯಣಮ್ಮ ನಿವೃತ್ತ ಎಸ್ಸೈ. ಅವರ ಮನೆಯಲ್ಲೇ ಬಾಡಿಗೆಗಿದ್ದ ಹರಿತಾ ಎಷ್ಟೋ ಪತ್ತೆಗಳಲ್ಲಿ ಅವರ ಬೆನ್ನಿಗಿದ್ದವಳು.

ಲ್ಯಾಬಿಗೆ ಬಂದ ದ್ರಾಕ್ಷಾಯಣಮ್ಮ ಜಯಚಂದ್ರನನ್ನು ಮಾತ್ರ ಒಳಗೆ ಕರೆಸಿಕೊಂಡು, ಮೇಜಿಗೆ ಕ್ಲಿಪ್ ಹಾಕಿದ್ದ ತಂತಿಯ ಪಟ್ಟಿಯೊಂದನ್ನು ತೋರಿಸಿದರು. ಪಕ್ಕದಲ್ಲಿ ಕೆಟ್ಟ ಚಿಪ್‌ಗಳನ್ನು ಎಸೆಯುವ ಕಸದ ಡಬ್ಬವಿತ್ತು.

"ಮೈಯಲ್ಲಿರೋ ಕರೆಂಟಿಗೆ ಚಿಪ್ ಕೆಟ್ಟೋಗ್ತದೆ ಅಂತ ಮಣಿಕಟ್ಟಿಗೆ ಕಟ್ಕಂತೀವಿ," ಎಂದ ಜಯಚಂದ್ರ. "ಬೆಳಗ್ಗೆ ನಾನೇ ಬಿಚ್ಚಿ ಮೊಳೆಗೆ ತಗುಲಾಕಿದ್ದೆ. ಇಲ್ಲಿಗೆ ಹೆಂಗೆ ಬಂತು?"

ದ್ರಾಕ್ಷಾಯಣಮ್ಮ ಎಲ್ಲರನ್ನೂ ಲ್ಯಾಬಿಗೆ ಕರೆಸಿದರು. "ಇದು ಇನ್ನೊಂದು ಚಿಪ್ ಇರೋ ಬೋರ್ಡು. ಒಬ್ಬೊಬ್ರೇ ಹಿಡಿದು ನೋಡಿ."

ಮುತ್ಯಾಲಪ್ಪ ಹೋಳಿಗೆ ಮಡಚುವವನಂತೆ ಅಂಗೈ ತುಂಬ ಹಿಡಿದ. "ಅಯ್ಯೋ ದೇವುಡಾ!" ಎಂದು ಜಯಚಂದ್ರ ಹಾರಿಬಿದ್ದ. ಚಲಪತಿಯ ಸರದಿ ಬಂದಾಗ ಅವನ ಬೆರಳು ಮೊದಲು ಮೇಜಿನ ಕಬ್ಬಿಣದ ಕಾಲನ್ನು ಮುಟ್ಟಿತು. ಆಮೇಲೆ ಬೋರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿದ.

"ಏಮಿರಾ ಚಲಪತಿ, ಕಬ್ಬಿಣ ಯಾಕೆ ಮುಟ್ಟಿದೆ?" ಎಂದರು ದ್ರಾಕ್ಷಾಯಣಮ್ಮ.

ಅವನು ಸಟ್ಟನೆ ಕೈ ಹಿಂದೆಳೆದುಕೊಂಡ.

"ನಾನೇ ಹೇಳ್ತೀನಿ. ಒಡೆಯಾಕೆ ಬಂದೋನು ಚಿಪ್ ಕೆಡದಂಗೆ ಪಟ್ಟಿ ಕಟ್ಕಳಲ್ಲ. ಕಟ್ಕಂಡಿದ್ದಾನೆ ಅಂದ್ರೆ ಒಳ್ಳೇದನ್ನ ಹುಷಾರಾಗಿ ಕಿತ್ಕಂಡು, ಕಸದ ಡಬ್ಬದಲ್ಲಿದ್ದ ಕೆಟ್ಟ ಚಿಪ್ ಒಡೆದವ್ನೆ. ಜಯಚಂದ್ರ ಕುರ್ಚಿ ಬಿಟ್ಟೇಳ್ಲಿಲ್ಲ. ಎದ್ದೋಗಿದ್ದೋರು ನೀವಿಬ್ರೇ. ಮುತ್ಯಾಲಪ್ಪನಿಗೆ ಬೋರ್ಡು ಹಿಡಿಯಾಕೂ ಬರಲ್ಲ. ನೀನು ಮುಟ್ಟೋ ಮುಂಚೆ ಮೈಯ ಕರೆಂಟ್ ಕಬ್ಬಿಣಕ್ಕೆ ಇಳಿಸಿದೆ. ಎಲ್ಲಿ ಕಲಿತಿದ್ದು?"

"ಪೆನುಕೊಂಡದ ಹತ್ರ... ಬೋರ್ಡ್ ಜೋಡಿಸೋ ಕೆಲಸದಲ್ಲಿದ್ದೆ," ಎಂದು ಚಲಪತಿ ಒಪ್ಪಿಕೊಂಡ.

ಹರಿತಾ ಅವನ ಚೀಲ ತೆರೆದಳು. ಬೆಳ್ಳಿ ಬಣ್ಣದ ಕವರಿನಲ್ಲಿ ಮಾದರಿ ಚಿಪ್ ಕೂದಲೂ ಕೊಂಕದೆ ಕೂತಿತ್ತು.

"ಚಿಪ್ ಹೋಯ್ತು ಅಂದ್ರೆ ರಾಯಲ್ಟಿ ಆಸೆನೂ ಹೋಯ್ತು," ಎಂದರು ದ್ರಾಕ್ಷಾಯಣಮ್ಮ. "ಹೆದರಿದೋರ ಷೇರು ಅಗ್ಗಕ್ಕೆ ಕೊಂಡು, ಆಮೇಲೆ ಸಿಕ್ಬುಡ್ತು ಅಂತ ಇದನ್ನ ಹೊರಗೆ ತೆಗೀತಿದ್ದ. ಮೊದಲ್ನೇ ಕುರಿ ಮುತ್ಯಾಲಪ್ಪ."

ಪೊಲೀಸರು ಚಲಪತಿಯನ್ನು ಕರೆದೊಯ್ದ ಮೇಲೆ ಜಯಚಂದ್ರ ಕೈಮುಗಿದ. "ತಪ್ಪಾಯ್ತಣ್ಣಾ. ಪುಣೆಯೋರು ಒಪ್ಪಿದ್ರೂ ರಾಯಲ್ಟಿಗೆ ಇನ್ನಾರು ತಿಂಗಳು..."

"ನಿನ್ ಕೈಮುಗಿಯೋದು ನಂಗ್ಯಾಕೆ?" ಮುತ್ಯಾಲಪ್ಪ ಸಹಿ ಹಾಕದ ಕಾಗದವನ್ನು ಹರಿದೆಸೆದ. "ಷೇರು ಬುಡಲ್ಲ. ಚಿಪ್ ಎತ್ಕಂಡು ಈಗಲೇ ಪುಣೆ ರೈಲು ಹತ್ತು. ನಾನೂ ಬತ್ತೀನಿ. ಎದುರು ಸೀಟಲ್ಲೇ ಕುಂತು, ಕಣ್ಣು ಮುಚ್ಚದಂಗೆ ನಿನ್ನೇ ನೋಡ್ತಿರ್ತೀನಿ!"