ಕೌದಿಯ ನಾಲ್ಕನೆಯ ಮೂಲೆ

“ಕೈ ತಗೀರಿ ಅಕ್ಕೋರ! ಅದನ್ನ ಮುಟ್ಟಬ್ಯಾಡ್ರಿ!”

ಮಲಕಮ್ಮ ಚೀರುವ ಹೊತ್ತಿಗೆ ಮಹಾನಂದಾಳ ಕೈ ಜೋಳದ ಚೀಲಗಳ ಹಿಂದೆ ತುರುಕಿಟ್ಟಿದ್ದ ಕಂಬಳಿ ಗಂಟಿನೊಳಗೆ ಮೊಣಕೈವರೆಗೆ ಇಳಿದಾಗಿತ್ತು. ಬೇಡ ಅಂದದ್ದನ್ನು ಮುಟ್ಟಿಯೇ ನೋಡುವ ಹಟಮಾರಿ ಹೆಂಗಸು. ಕಲಬುರಗಿಯಿಂದ ಕೆಂಭಾವಿಯ ಹೊಲಿಗೆ ತರಬೇತಿ ಕೇಂದ್ರಕ್ಕೆ ಟೀಚರಾಗಿ ಬಂದು ನಾಲ್ಕು ತಿಂಗಳಾಗಿತ್ತಷ್ಟೇ. ಹನ್ನೊಂದನೆಯ ವಯಸ್ಸಿಗೆ ಹಿಡಿದ ಸೂಜಿಯನ್ನು ಐವತ್ತನಾಲ್ಕಾದರೂ ಬಿಟ್ಟಿರಲಿಲ್ಲ. ತಮ್ಮಂದಿರ ಚಡ್ಡಿ, ತಾಯಿಯ ಕುಪ್ಪಸ, ತೀರಿಹೋದ ಗಂಡನ ಸ್ವೆಟರ್, ಮಗಳು ಭಾರತಿಯ ಮದುವೆಯ ರವಿಕೆ, ಎಲ್ಲವೂ ಅವಳ ಕೈಯವೇ. ಈಗ ಭಾರತಿ ಬಾಣಂತನಕ್ಕೆ ಬಂದಿದ್ದಳು. ಗಂಡುಕೂಸಿಗೆ ಹತ್ತೊಂಬತ್ತು ದಿನ. ಅದರ ತೊಟ್ಟಿಲಿಗೆ ಹಳೆಯ ಸೀರೆಗಳನ್ನು ಪದರು ಪದರಾಗಿ ಕೂಡಿಸಿದ ಕೌದಿ ಆಗಬೇಕು, ಅದೂ ತನ್ನ ಕೈಯಿಂದಲೇ ಆಗಬೇಕು ಎಂದು, ಕೌದಿಗೆ ಹೆಸರಾದ ಮಲಕಮ್ಮನ ಮನೆಗೆ ಕಲಿಯಲು ಬರುತ್ತಿದ್ದಳು.

ಗಂಟಿನಿಂದ ಕೌದಿಯೊಂದನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಹಸಿರು, ಕೆಂಪು, ಅರಿಸಿನ ಬಣ್ಣದ ತುಂಡುಗಳು. ಅವುಗಳ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಕಪ್ಪು ಹೊಲಿಗೆ, ಒಂದೂ ಹೆಚ್ಚುಕಡಿಮೆ ಇಲ್ಲ. ಮೂರು ಮೂಲೆ ಮುಚ್ಚಿದ್ದವು. ನಾಲ್ಕನೆಯದು ಮಾತ್ರ ತೆರೆದಿತ್ತು.

“ಯಾರು ಹೊಲದಿದ್ದು ಇದು?”

“ನಮ್ಮ ನೆಗೆಣ್ಣಿ, ಮೈದುನನ ಹೆಂಡ್ತಿ ಹಣಮಂತಮ್ಮ. ಆಕಿಗಿ ಮಕ್ಕಳಾಗಲಿಲ್ರಿ. ನಾ ಬಸರಾದೆ ಅಂತ ಹೊಟ್ಟಿಕಿಚ್ಚು. ಮಾಟಗಾರನ ಮಾತು ಕೇಳಿ ಹೆಣದ ಮ್ಯಾಲಿನ ಸೀರಿ ತಂದು, ಹೆಣದ ಕೂದಲಾನ ದಾರ ಹೊಸೆದು, ನನ್ನ ಕೂಸಿಗಂತ ಹೊಲದಾಳ. ಮುಗಸೋಕಿಂತ ಮೊದಲ ರಕ್ತ ಕಾರಿ ಸತ್ಲು. ಸುಡಾಕ ಹ್ವಾದ್ರ ಬೆಂಕಿ ಹತ್ತಲಿಲ್ಲ. ಬಾವ್ಯಾಗ ಒಗದ್ರ ನೀರು ನಾರಿತು.” ಮಲಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಮೂಲಿ ತೆರೆದಿರೋತನಕ ಅದು ಬರೇ ಅರಬಿ, ಚಿಂದಿ ಬಟ್ಟಿ. ಮುಚ್ಚಿದ್ರ ಅದಕ್ಕ ಹೊಟ್ಟಿ ಆಗತೈತಿ.”

ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ರೊಟ್ಟಿಯ ತುಣುಕು, ಚೂರು ಬೆಲ್ಲ ಒಳಗಿಟ್ಟು ಹೊಲಿಯುವುದು ಆ ಕಡೆಯ ಹೆಂಗಸರ ರೂಢಿ. ಮೈಮೇಲೆ ಹೊದೆಯುವ ಕೌದಿ ಹಸಿದಿರಬಾರದೆಂದು ಹಾಗೆ ಮಾಡುತ್ತಾರೆ. ಇದನ್ನು ಮೊದಲ ದಿನವೇ ಕೇಳಿ ಮಹಾನಂದಾ ಮೂಗು ಮುರಿದಿದ್ದಳು.

“ಅರಬಿಗಿ ಹೊಟ್ಟಿ ಅಂತ, ಹಸಿವು ಅಂತ! ನಿಮ್ಮ ರೊಟ್ಟಿ ಇಟ್ರ ಇರುವಿ ಮುತ್ತತಾವ ನೋಡ್ರಿ, ಅಷ್ಟೇ,” ಎಂದು ಈಗಲೂ ನಕ್ಕಳು.

ಅಷ್ಟರಲ್ಲಿ ಹೊರಗೆ ಕುರಿಮರಿಗಳು ಅರಚಿದವು. ನಾಯಿ ಬಂತೆಂದು ಮಲಕಮ್ಮ ಕೋಲು ಹಿಡಿದು ಓಡಿದಳು. ಕೌದಿ ಮಹಾನಂದಾಳ ಚೀಲ ಸೇರಿತು. ಗಂಟು ಖಾಲಿ ಕಾಣದಿರಲೆಂದು ಅದರೊಳಗೆ ಅವಳು ಕಲಿಯಲು ತಂದಿದ್ದ ಚಿಂದಿ ಬಟ್ಟೆಗಳು ಸೇರಿದವು. ಹೊಲಿಗೆಯ ಬಗೆ ತಿಳಿದುಕೊಂಡು ವಾಪಸ್ ಇಡುವ ಮನಸ್ಸಿತ್ತು ಎಂದು ನೀವು ಬೇಕಾದರೆ ಹೇಳಿ, ನಾನಂತೂ ಕದ್ದಳು ಎಂದೇ ಹೇಳುವೆ.

ಮನೆಯಲ್ಲಿ ಮೂರು ಸಲ ಸೋಪು ಹಾಕಿ ಒಗೆದಳು. ಮೂರು ಸಲವೂ ಬಕೆಟ್ಟಿನಲ್ಲಿ ಜಿಡ್ಡುಜಿಡ್ಡಾದ ಹಳದಿ ನೀರು ಇಳಿಯಿತು, ಕೀವಿನ ಹಾಗೆ. ಥೂ! ಬೇರೆ ಯಾರಾದರೂ ಅಲ್ಲಿಗೇ ತಿಪ್ಪೆಗೆ ಎಸೆಯುತ್ತಿದ್ದರು. ಇವಳು ಬಿಸಿಲಿಗೆ ಹರವಿದಳು. ಅರ್ಧಕ್ಕೆ ಬಿಟ್ಟ ಹೊಲಿಗೆ ಕಂಡರೆ ಇವಳ ಬೆರಳು ತುರಿಸುತ್ತಿದ್ದವು, ಅದೇ ಇವಳ ರೋಗ. ಮರುದಿನ ಮಧ್ಯಾಹ್ನ, ಊಟವನ್ನೂ ಮಾಡದೆ, ಅಂಗಡಿಯ ಕಪ್ಪು ದಾರ ಪೋಣಿಸಿ ನಾಲ್ಕನೆಯ ಮೂಲೆ ಮುಚ್ಚಿದಳು. ರೊಟ್ಟಿ ಇಡಲಿಲ್ಲ, ಬೆಲ್ಲವನ್ನೂ ಇಡಲಿಲ್ಲ. ಗಂಟು ಹಾಕಿ ದಾರ ಕಡಿದಾಗ ಗುರ್ ಎಂದು ಸದ್ದಾಯಿತು. ತನ್ನದೇ ಹೊಟ್ಟೆ ಹಸಿದಿದೆ ಎಂದುಕೊಂಡು ಎದ್ದು ಊಟಕ್ಕೆ ಹೋದಳು.

ಕೌದಿಯ ಮೇಲೆ ಮಲಗಿಸಿದ್ದೇ ತಡ, ಕೂಸಿನ ಅಳು ನಿಂತಿತು. ಎತ್ತಿದರೆ ಕಿರುಚುತ್ತಿತ್ತು, ಮಲಗಿಸಿದರೆ ಗಪ್ಪು.

“ನಿನ್ನ ಕೈ ಗುಣ ಅವ್ವ,” ಎಂದಳು ಭಾರತಿ. ಮಹಾನಂದಾಳ ಎದೆ ಉಬ್ಬಿತು.

ಎರಡನೆಯ ದಿನ ಕೂಸಿನ ಕೆನ್ನೆ ಇಳಿಯಿತು. ಕುಡಿದ ಹಾಲು ಎಲ್ಲಿ ಹೋಗುತ್ತಿತ್ತೋ, ವಾಂತಿ ಇಲ್ಲ, ಒದ್ದೆ ಇಲ್ಲ. ಸುರಪುರದ ಡಾಕ್ಟರು ತೂಕ ಹಾಕಿ ಗಾಬರಿಯಾದರು. ನಾಳೆಯೇ ಯಾದಗಿರಿಗೆ ಒಯ್ಯಿರಿ ಎಂದರು. ಕೋಣೆಯೊಳಗೆ ಹುಳಿತ ಹಾಲಿನ ವಾಸನೆ ಕಟ್ಟಿತು. ಅದರ ಕೆಳಗೆ ಇನ್ನೊಂದು ವಾಸನೆ, ಸತ್ತ ಇಲಿಯದು. ಮಹಾನಂದಾ ಮಂಚದಡಿ ಹುಡುಕಿದಳು, ಕಪಾಟಿನ ಹಿಂದೆ ಹುಡುಕಿದಳು. ತೊಟ್ಟಿಲಲ್ಲಿ ಮಾತ್ರ ಹುಡುಕಲಿಲ್ಲ.

ಮೂರನೆಯ ದಿನ, ಸುಡುಬಿಸಿಲಿನ ಹನ್ನೆರಡು ಗಂಟೆ. ಯಾದಗಿರಿಗೆ ಒಯ್ಯಲು ಕಡೇಚೂರಿನಿಂದ ಅಳಿಯ ಮೌನೇಶ ಗಾಡಿ ತರುವವನಿದ್ದ. ಭಾರತಿ ಸ್ನಾನಕ್ಕೆ ಹೋಗಿದ್ದಳು. ಮಹಾನಂದಾ ಕೂಸನ್ನು ಎತ್ತಲು ಬಗ್ಗಿದಳು. ಕೂಸು ಬರಲಿಲ್ಲ. ಬೆನ್ನು ಕೌದಿಗೆ ಅಂಟಿತ್ತು. ಮೆಲ್ಲಗೆ ಎಳೆದಳು. ಪಚಕ್ ಎಂದು ಬಿಟ್ಟಿತು. ಅಂಟಾದ ಎಳೆಗಳು ಜೋತಾಡಿದವು. ಬೆನ್ನ ತುಂಬ ಸಣ್ಣ ಸಣ್ಣ ಕೆಂಪು ತೂತು, ಸಾಲು ಸಾಲಾಗಿ, ಹೊಲಿಗೆ ಹಾಕಿದಂತೆ. ಕೌದಿ ಬೆಚ್ಚಗಿತ್ತು. ಉಬ್ಬಿತ್ತು. ಕೈಯಿಟ್ಟರೆ ಒಳಗೇನೋ ಪಿಳಪಿಳ ಹರಿದಾಡಿತು. ಕಪ್ಪು ಹೊಲಿಗೆಗಳು ಬಾಯಿಯ ಹಾಗೆ ತೆರೆದವು, ಮುಚ್ಚಿದವು. ಹಾಲು ಉಕ್ಕಿತು. ಹಳದಿ ಹಾಲು. ಅದರೊಳಗೆ ಬಿಳಿ ಹುಳ.

ಕೂಸಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ. ಎದೆ ಮಾತ್ರ ಸಣ್ಣಗೆ ಏಳುತ್ತಿತ್ತು.

ಕೂಸನ್ನು ಎದೆಗವಚಿಕೊಂಡು, ಕೌದಿಯನ್ನು ಕಂಕುಳಲ್ಲಿ ಹಿಡಿದು ಬರಿಗಾಲಲ್ಲೇ ಓಡಿದಳು. ಮಲಕಮ್ಮ ಅಂಗಳದಲ್ಲೇ ಇದ್ದಳು. ಕೌದಿ ಕಂಡದ್ದೇ ಹಣೆ ಬಡಿದುಕೊಂಡಳು.

“ಬ್ಯಾಡ ಅಂದ್ರ ಕೇಳಲಿಲ್ಲಲ್ರಿ ಅಕ್ಕೋರ! ರೊಟ್ಟಿನೂ ಇಡಲಿಲ್ಲೇನು?”

“ಇಡಲಿಲ್ಲ ಯಮ್ಮಾ. ತಪ್ಪಾತು. ಏನು ಮಾಡಲಿ ಹೇಳು, ಕೂಸು ಹೋಗಾಕತ್ತದ!”

“ಮುಚ್ಚಿದ ಕೈಯಾಕಿನ ಬಿಚ್ಚಬೇಕು. ಕತ್ರಿ ನಡ್ಯಂಗಿಲ್ಲ. ಹಲ್ಲಿಲೆ ಕಡದು ನುಂಗಬೇಕು. ಒಂದೆಳಿ ಉಗುಳಿದ್ರೂ ಕೂಸು ಉಳ್ಯಂಗಿಲ್ಲ.” ಮಲಕಮ್ಮ ಅವಳ ಭುಜ ಹಿಡಿದಳು. “ನುಂಗಿದ್ರ ಅದರ ಹಸಿವು ನಿಮಗ ಬರತೈತಿ. ವಿಚಾರ ಮಾಡ್ರಿ.”

“ಕೂಸು ಬದುಕತದಿಲ್ಲೋ?”

“ಬದುಕತೈತಿ.”

ಕೂಸನ್ನು ಮಲಕಮ್ಮನ ಕೈಗೆ ಕೊಟ್ಟು ಅಲ್ಲೇ ಅಂಗಳದ ಕುರಿಹಿಕ್ಕೆಯ ಮೇಲೆ ಕುಕ್ಕರಿಸಿದಳು. ಮೂಲೆಯನ್ನು ಬಾಯಿಗಿಟ್ಟಳು. ತಾನು ಹಾಕಿದ್ದು ಅಂಗಡಿಯ ದಾರ, ಈಗ ಅದು ಕೂದಲಾಗಿತ್ತು. ಜಿಡ್ಡಿನ ಕೂದಲು. ಮೊದಲ ಹೊಲಿಗೆ ಕಡಿದಳು. ಕೀವು ನಾಲಗೆಗೆ ಬಿತ್ತು. ನುಂಗಿದಳು. ಎರಡನೆಯದು. ಹುಳ ಹಲ್ಲಿನ ಸಂದಿಯಲ್ಲಿ ಮಿಸುಕಿತು. ಅಗಿದಳು. ನುಂಗಿದಳು. ವಾಂತಿ ಬಾಯಿಗೆ ಬಂತು. ಬಾಯಿ ಒತ್ತಿ ಹಿಡಿದು ಬಂದದ್ದನ್ನೂ ವಾಪಸ್ ನುಂಗಿದಳು. ಕೂದಲು ಗಂಟಲಲ್ಲಿ ಸಿಕ್ಕಿತು. ಉಸಿರು ಕಟ್ಟಿತು. ಕಣ್ಣು ಹೊರಬಂದವು. ನುಂಗಿದಳು. ಇನ್ನೊಂದು. ಇನ್ನೊಂದು. ಕೊನೆಯ ಗಂಟು ಅಂಗುಳಿಗೆ ಕಚ್ಚಿತು. ಬೆರಳು ಹಾಕಿ ಒಳಗೆ ತಳ್ಳಿದಳು.

ಕೌದಿ ಹರಿದ ಚೀಲದಂತೆ ಕುಸಿದು ಬರೇ ಚಿಂದಿಯಾಯಿತು. ಮಲಕಮ್ಮನ ತೋಳಲ್ಲಿ ಕೂಸು ಕಿಟಾರನೆ ಅತ್ತಿತು. ಮಹಾನಂದಾ ಅಳುತ್ತಾ ನಗುತ್ತಾ ಅಲ್ಲೇ ಒರಗಿದಳು.

ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಮನೆಗೆ ಮರಳಿದ ಮೇಲೆ, ಸಂಜೆಯೊಳಗೆ ಕೂಸು ಮೊಲೆ ಹಿಡಿಯಿತು. ಡಾಕ್ಟರಿಗೊಮ್ಮೆ ತೋರಿಸಿಯೇ ಬಿಡೋಣ ಎಂದು ಮೌನೇಶ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಭಾರತಿ ಹಾಲು ಕುಡಿಸಿ, ಒರೆಸಿ, ತಾಯಿಯ ಮಡಿಲಿಗೆ ಹಾಕಿದಳು. ಮಧ್ಯಾಹ್ನದಿಂದ ಆರು ರೊಟ್ಟಿ, ಗಡಿಗೆ ಅನ್ನ ತಿಂದಿದ್ದಳು ಮಹಾನಂದಾ. ಹಸಿವು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಕೂಸಿನ ನೆತ್ತಿಯನ್ನು ಮೂಸಿದಳು. ಹಾಲು, ಎಣ್ಣೆ, ಎಳೆ ಚರ್ಮ.

ಬಾಯಲ್ಲಿ ನೀರೂರಿತು.

ಜೊಲ್ಲು ಕೂಸಿನ ಕೆನ್ನೆಯ ಮೇಲೆ ತಟಕ್ಕನೆ ಬಿತ್ತು. ಅವಳ ಹೊಟ್ಟೆ ಗುರ್ ಎಂದಿತು. ಕೂಸು ಅವಳನ್ನೇ ನೋಡಿ ಬಾಯಿ ಅಗಲಿಸಿತು. ಮಹಾನಂದಾ ತನ್ನ ಮುಂಗೈಯನ್ನು ತಾನೇ ಕಚ್ಚಿ ಹಿಡಿದಳು. ರಕ್ತ ಬಂತು. ಅದೂ ರುಚಿಯಾಗಿತ್ತು.

“ಎತ್ತಿಕೊ,” ಎಂದಳು.

“ಯಾಕವ್ವ?”

“ಎತ್ತಿಕೊ ಮೊದಲ! ಗಂಡನ ಸಂಗಾಟ ಈಗಿಂದೀಗ ಹೋಗು. ನನ್ನ ತಾವ ಇದನ್ನ ತರಬ್ಯಾಡ. ನಾ ಅತ್ರೂ, ಕರದ್ರೂ, ಸತ್ತೆ ಅಂತ ಹೇಳಿ ಕಳಿಸಿದ್ರೂ ತರಬ್ಯಾಡ ಮಗಳ.”

ಭಾರತಿಗೆ ಅರ್ಥವಾಗಲಿಲ್ಲ. ತಾಯಿಯ ಗದ್ದದಿಂದ ಇಳಿಯುತ್ತಿದ್ದ ಜೊಲ್ಲು ಕಂಡು ಕೂಸನ್ನು ಎತ್ತಿಕೊಂಡು ಗಾಡಿ ಹತ್ತಿದಳು. ಹೀಗಾಗುವುದೆಂದು ಗೊತ್ತಿದ್ದೇ ಬಾಗಿಲ ಹೊರಗೆ ಬಂದು ಕಾದಿದ್ದ ಮಲಕಮ್ಮ ಹೊರಗಿನಿಂದ ಚಿಲಕ ಹಾಕಿದಳು. ಒಳಗೆ ಮಹಾನಂದಾ ಬಾಗಿಲಿನ ಸಂದಿಗೆ ಮೂಗು ಒತ್ತಿ, ಗಾಡಿ ತಿರುವು ದಾಟುವವರೆಗೂ ಮೊಮ್ಮಗನ ವಾಸನೆ ಹಿಡಿಯುತ್ತ ಕುಳಿತಿದ್ದಳು.